ಅಲ್ಪಪ್ರಾಣ

ಬೆಟಗೇರಿಯ ಪ್ರೆಸ್ಸಿನಲ್ಲಿ ಕರಡು ತಿದ್ದುವಾಕಿ ನಾನು.
ಹಗಲೆಲ್ಲ ಲಗ್ನಪತ್ರಿಕೆ, ಹತ್ತನೆಯ ಇಯತ್ತೆಯ ಗೈಡು,
ಕಿರಾಣಿ ಅಂಗಡಿಯ ಕ್ಯಾಲೆಂಡರು.
ದಾವಲಸಾಬ ಮಷಿನ್ನು ಒರೆಸಿ, ಕೀಲಿ ನನ್ನ ಕೈಗಿಟ್ಟು ಹೋದಮೇಲೆ
ಅದೇ ಕಂಪ್ಯೂಟರಿನಲ್ಲಿ ನನ್ನದೊಂದು ದಂಡು ಏಳುತ್ತದೆ.

ಆರು ಮೂಲೆಯ ಮನೆಗಳು, ಜೇನುಹುಟ್ಟಿನ ಹಾಗೆ.
ಒಂದು ಸರದಿ ನನ್ನದು, ಒಂದು ಅವರದು.
ಚಹಾ ಕುಡಿದು ಬಂದರೂ ಹೆಣದ ದಂಡು
ಎತ್ತಿದ ಕೊಡಲಿ ಎತ್ತಿಕೊಂಡೇ ಕಾಯುತ್ತದೆ.
ನನ್ನ ಸರದಿಗೆ ಇಷ್ಟು ಕಾದವರು
ಈ ಊರಲ್ಲಿ ಬೇರೆ ಯಾರೂ ಇಲ್ಲ.

ಈ ದಂಡಯಾತ್ರೆ ಆಟ ಮಾಡಿದ ಕಂಪನಿಯದ್ದಲ್ಲ.
ಯಾರೋ ಆಟದ ಹುಚ್ಚಿನವರು,
ಹೆಸರಿನ ಜಾಗದಲ್ಲಿ 'ಗುಡ್ಡದವ' ಅಂತಷ್ಟೇ ಬರೆದು
ಹನ್ನೊಂದು ಕಾಳಗ ಕಟ್ಟಿ ಪುಕ್ಕಟೆ ಬಿಟ್ಟಿದ್ದಾರೆ.
ನಕಾಶೆ ತೆರೆದ ಕೂಡಲೇ ಗುರುತು ಹತ್ತಿತು:
ಕಪ್ಪತಗುಡ್ಡದ ಬೆನ್ನು, ಡಂಬಳದ ಕೆರೆ,
ಗಾಳಿಯಂತ್ರ ಇರಬೇಕಾದಲ್ಲಿ ಮಾಟಗಾರರ ಗೋಪುರ.
ರಾಕ್ಷಸನೊಬ್ಬ ಮೆಣಸಿನಕಾಯಿ ಕಣ ತುಳಿದುಕೊಂಡು
ಸೀನುತ್ತಾ ಬರುತ್ತಾನೆ.
ಬಿಲ್ಲುಗಾತಿಯ ಹೆಸರು ಪಕ್ಕೀರವ್ವ.
(ನಾನು ಫಕ್ಕೀರವ್ವ ಎಂದೇ ಓದಿಕೊಂಡೆ.)

ಮತ್ತೆ ತಪ್ಪು! ಅಬ್ಬಬ್ಬಾ.
'ಯುದ್ದ.' 'ಕಡ್ಗ.' 'ಬಯ.' 'ಸಂದಾನ.'
ಮಹಾಪ್ರಾಣವೇ ಇಲ್ಲದ ಸೈನ್ಯ.
ಪಕ್ಕದಲ್ಲಿ ನೋಟುಬುಕ್ಕು ತೆರೆದಿಟ್ಟೆ:
ಶತ್ರು ಸತ್ತರೆ ಬಲಗಡೆ ಗೀಟು,
ಅಕ್ಷರ ಸತ್ತರೆ ಎಡಗಡೆ.
ಎಡಗಡೆಯೇ ಬೇಗ ತುಂಬಿತು.

ಆರನೆಯ ಕಾಳಗ. ಹದಿನೆಂಟು ಸರದಿಯೊಳಗೆ ಡೋಣಿ ದಾಟಬೇಕು.
ಕತ್ತಲಾದರೆ ಹೆಣಗಳ ಕಸುವು ನಾಲ್ಕಾಣೆ ಹೆಚ್ಚು,
ನಮ್ಮದು ನಾಲ್ಕಾಣೆ ಕಡಿಮೆ.
ಫಕ್ಕೀರವ್ವ ಗುಡ್ಡದ ನೆತ್ತಿಯಲ್ಲಿ; ಅಲ್ಲಿ ಅವಳಿಗೆ
ಹತ್ತು ಏಟಿನಲ್ಲಿ ತಾಗುವುದು ನಾಲ್ಕೇ ಅಂತ ಲೆಕ್ಕ.
ಕವಡೆ ಎಂದಾದರೂ ಲೆಕ್ಕ ಕೇಳಿದ್ದುಂಟೆ?
ನಾಲ್ಕು ಏಟು. ನಾಲ್ಕೂ ತಾಗಿದವು.

ಆಗ ಪರದೆಯ ಕೆಳಗೊಂದು ಮಾತು ಮೂಡಿತು,
ಅವಳು ಸತ್ತರೆ ಮಾತ್ರ ಕಾಣುವ ಮಾತು:
'ನನ್ನ ಬತ್ತಳಿಕಿ ತಂಗಿಗೆ ಕೊಡ್ರಿ.
ಆಕಿ ಎಡಚಿ. ಪಟ್ಟಿ ಎಡಭುಜಕ್ಕ ಹೊಲೀರಿ.'

ಪೆನ್ನು ಎತ್ತಿದೆ. ಇಳಿಸಿದೆ.
ಭುಜದ ಭಕಾರಕ್ಕೆ ಕೆಳಗೆ ಸೀಳಿತ್ತು,
ಇಡೀ ಗುಡ್ಡಕ್ಕೆ ಅದೊಂದೇ ಮಹಾಪ್ರಾಣ.
ಈ ಸಾಲನ್ನು ಮಾತ್ರ ಯಾರೋ ಕೂತು ತಿದ್ದಿದ್ದಾರೆ.
ಯಾರಿಗೋ ಎಡಗೈಯ ತಂಗಿ ಇದ್ದಾಳೆ,
ಇದ್ದಳು, ನನಗೆ ಗೊತ್ತಾಗುವ ಮಾತಲ್ಲ.

ಉಳಿಸಿಟ್ಟ ಆಟಕ್ಕೆ ಹಿಂದಿರುಗಿದೆ.
ಅವಳನ್ನು ಎರಡು ಮನೆ ಹಿಂದಕ್ಕೆ ಸರಿಸಿ
ಅವಳ ಜಾಗಕ್ಕೆ ಕುಂಬಾರ ಬರಮನನ್ನು ನಿಲ್ಲಿಸಿದೆ.
ಡೋಣಿ ದಾಟಿತು. ಬರಮ ಸತ್ತ.
ಅವನಿಗೆ ಮಾತು ಬರೆದಿರಲಿಲ್ಲ.

ಮುಂದಿನ ನಾಲ್ಕು ಕಾಳಗ ಹೇಗೋ ಗೆದ್ದೆ, ನಾಲ್ಕು ರಾತ್ರಿಯಲ್ಲಿ.
ಹನ್ನೊಂದನೆಯದರಲ್ಲಿ ಕೋಟೆಯ ಬಾಗಿಲು ತೆರೆದರೆ
ಒಳಗೆ ಏನೂ ಬಿಡಿಸಿಲ್ಲ. ಬರೀ ಕಪ್ಪು.
'ಮುಂದಿನ ಬಾಗ ಸದ್ಯದಲ್ಲೆ.'
ಕಡತದ ತಾರೀಖು ಆರು ವರ್ಷ ಹಿಂದಿನದು.
ಕಪ್ಪಿನ ಅಂಚಿಗೆ ಪಕ್ಕೀರವ್ವ ನಿಂತಿದ್ದಾಳೆ,
ಸರದಿ ಮುಗಿಸು ಎಂದು ಒತ್ತಿದಷ್ಟು ಸಲ
ಅವಳ ಮೇಲೆ ಹೊತ್ತು ಮೂಡಿ, ಹೊತ್ತು ಮುಳುಗಿ.

ಲಕ್ಕುಂಡಿಯಲ್ಲಿ ಒಂದು ಜಗಲಿಕಲ್ಲಿನ ಮೇಲೆ
ಹುಲಿಮನೆ ಕೊರೆದದ್ದು ನೋಡಿದ್ದೆ ಸಣ್ಣಾಕಿ ಇದ್ದಾಗ.
ಒಂದು ಮೂಲೆಯಲ್ಲಿ ಗೀಟು ಕೂಡಿರಲಿಲ್ಲ.
ಉಣ್ಣಲು ಕರೆದರೋ ಏನೋ, ಉಳಿ ಬಿಟ್ಟು ಎದ್ದುಹೋದ ಹಾಗೆ.
ನಾವು ಆ ಮೂಲೆ ಬಿಟ್ಟೇ ಆಡಿದ್ದೆವು.

ನೋಟುಬುಕ್ಕಿನ ಎಡಗಡೆ ಮುನ್ನೂರಾ ಹನ್ನೆರಡು ಗೀಟು.
ಅದರ ಕೆಳಗೆ ಬರಮನಿಗೊಂದು ಮಾತು ಬರೆಯಲು ಕೂತೆ.
ಎರಡು ಸಲ ಹೊಡೆದುಹಾಕಿದೆ. ಆಮೇಲೆ:
'ತಿಗರಿ ಮ್ಯಾಲಿನ ಮಣ್ಣಿಗೆ ಹಸಿ ಅರಿವಿ ಹೊಚ್ಚರಿ,
ಒಣಗೀತು.'

ಶಟರ್ ಮೇಲೆತ್ತಿ ದಾವಲಸಾಬ ಒಳಗೆ ಬಂದ.
'ಅಕ್ಕಾರ, ಕ್ಯಾಲೆಂಡರಿನ ಕರಡು ಆತೇನ್ರಿ?'
ಇನ್ನೊಂದು ಸರದಿ, ಅಂದೆ.